ಯಂತ್ರನಾದವೂ ಜನಸಭೆಯೂ

ಗಾನವು ಗಾಯಕನ ಕಂಠವನ್ನು ಬಿಟ್ಟು ಬೇರೆಡೆಯಲ್ಲಿ ನಿಲ್ಲಲಾರದೆಂಬ ತಿಳಿವಳಿಕೆಯು ಬಹು ಕಾಲದಿಂದ ನಡೆದುಬಂದಿದ್ದಿತು. ಹಾಡುವವನು ಎದ್ದುಹೋದರೆ ಹಾಡೂ ಅವನ ಸಂಗಡವೇ ಎದ್ದುಹೋಗುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ನಿಯಮವು ಮುರಿಯಿತು. ಅಮೇರಿಕೆಯಲ್ಲಿ ೧೮೭೭ರಲ್ಲಿ ಎಡಿಸನ್ನನು ಧ್ವನಿಯನ್ನು ಹಿಡಿದಿಡುವ ಉರುಳೆಯನ್ನೂ, ೧೮೮೭ರಲ್ಲಿ ಬರ್ಲಿನರನು ಚಪ್ಪಟೆಯಾದ ತಟ್ಟೆಯನ್ನೂ ನಿರ್ಮಿಸಿದ ಮೇಲೆ, ಹಾಡು ಪೆಟ್ಟಿಗೆಯೊಳಗೆ ಕುಳಿತು ಊರೂರು ಸಂಚರಿಸತೊಡಗಿತು. ಯಂತ್ರದ ನಾದವು ಜೀವಂತ ಸಂಗೀತವನ್ನು ಕೊಲ್ಲುವುದೆಂದು ಹೆದರಿದವರು ಉಂಟು. ಅಮೇರಿಕೆಯ ವಾದ್ಯಮೇಳದ ಪ್ರಸಿದ್ಧ ನಾಯಕನಾದ ಸೂಸನು ೧೯೦೬ರಲ್ಲಿ ಈ ಭಯವನ್ನೇ ವಿಷಯವನ್ನಾಗಿ ಮಾಡಿಕೊಂಡು ಲೇಖನವೊಂದನ್ನು ಬರೆದನು. ಆ ಭಯವು ನಿಜವಾಯಿತೋ ಹುಸಿಯಾಯಿತೋ ಎಂಬುದನ್ನು ಎರಡು ಜನಸಮುದಾಯಗಳ ಚರಿತ್ರೆಯಿಂದ ಪರೀಕ್ಷಿಸಬಹುದು. ಒಂದು, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಗದಗ-ಧಾರವಾಡ ಪ್ರಾಂತ. ಇನ್ನೊಂದು, ಅದೇ ಶತಮಾನದ ಉತ್ತರಾರ್ಧದಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಿಂದ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಕರಿಯ ವರ್ಣದ ಜನ. ಇವೆರಡಕ್ಕೂ ಪರಸ್ಪರ ಪರಿಚಯವೇ ಇರಲಿಲ್ಲ. ಆದರೂ ಎರಡೂ ಕಡೆಗೆ ಯಂತ್ರವು ಮಾಡಿದ ಕೆಲಸವು ಆಶ್ಚರ್ಯಕರವಾಗಿ ಒಂದೇ ಬಗೆಯದು.

ಮೊದಲು ಈ ಪ್ರಾಂತದ ಸಂಗತಿಯನ್ನು ನೋಡಬೇಕು. ಪುಲಿಗೆರೆಯೆಂದು ಹಳಗನ್ನಡ ಕವಿಗಳ ಕಾಲದಿಂದ ಹೆಸರಾದ ಲಕ್ಷ್ಮೇಶ್ವರವು, ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ, ಮೀರಜದ ಹಿರಿಯ ಸಂಸ್ಥಾನಕ್ಕೆ ಸೇರಿದ್ದಿತು. ಆ ಮೀರಜವೇ ತಂಬೂರಿ ಸಿತಾರುಗಳನ್ನು ಮಾಡುವ ಕುಶಲಕರ್ಮಿಗಳ ಊರು. ಕಿರಾನಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರು (೧೮೭೨–೧೯೩೭) ನೆಲೆಸಿದ ಊರು. ಖಾನ್ ಸಾಹೇಬರು ಮೈಸೂರಿನ ಅರಮನೆಗೆ ಹೋಗಿ ಬರುವ ಹಾದಿಯಲ್ಲಿ ಧಾರವಾಡ ಹುಬ್ಬಳ್ಳಿಗಳಲ್ಲಿ ತಂಗುತ್ತಿದ್ದರು. ಹೀಗೆ ಹಿಂದುಸ್ತಾನೀ ಸಂಗೀತದ ಹೊಳೆಯೊಂದು ಈ ನೆಲದ ಮಗ್ಗುಲಲ್ಲಿಯೇ ಹರಿಯುತ್ತಿದ್ದಿತು. ಆದರೆ ಅದರ ನೀರು ಎಲ್ಲರ ಬಾಯಿಗೂ ದೊರೆಯುತ್ತಿತ್ತೆಂದು ತಿಳಿಯಲಾಗದು. ಅರಮನೆಯ ದರಬಾರಕ್ಕೆ ಕರೆಯಿಲ್ಲದೆ ಪ್ರವೇಶವಿಲ್ಲ. ಸಾಹುಕಾರರ ಬೈಠಕ್ಕಿಗೆ ಪರಿಚಯ ಬೇಕು. ಹಾಡುವ ಹೆಂಗಸರ ಮನೆಗೆ ಮರ್ಯಾದಸ್ಥರು ಹಗಲಿನಲ್ಲಿ ಹೋಗುವಂತಿಲ್ಲ. ಸಾಮಾನ್ಯ ಜನರಿಗೆ ಉಳಿದವು ಗುಡಿಯ ಭಜನೆ, ಜಾತ್ರೆಯ ಬಯಲಾಟ ಮತ್ತು ನಾಟಕ ಕಂಪನಿಗಳು. ಗದುಗಿನ ಶಾಂತಕವಿಗಳು ೧೮೭೦ರ ದಶಕದಲ್ಲಿ ಕನ್ನಡ ನಾಟಕ ಮಂಡಳಿಗೆ ಹಾದಿ ಹಾಕಿಕೊಟ್ಟ ಮೇಲೆ, ರಂಗದ ಪದಗಳ ಮೂಲಕ ರಾಗಗಳ ಹೆಸರು ಜನರ ನಾಲಗೆಗೆ ಬಂದಿತು. ಲಕ್ಷ್ಮೇಶ್ವರದ ಬಚ್ಚಾಸಾನಿಯು ಸ್ತ್ರೀಯರದೇ ಮಂಡಳಿಯನ್ನು ಕಟ್ಟಿ ಖ್ಯಾತಿಯನ್ನು ಪಡೆದದ್ದೂ ಈ ಪರಂಪರೆಯಲ್ಲಿಯೇ. ಆದರೂ ನಾಟಕ ಕಂಪನಿಯು ಕೆಲವು ತಿಂಗಳು ಇದ್ದು ಗುಡಾರವನ್ನು ಕಿತ್ತುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದಿತು. ಊರು ಮತ್ತೆ ಮೌನವಾಗುತ್ತಿದ್ದಿತು.

ಇಂಥ ಕಾಲದಲ್ಲಿ ಗ್ರಾಮೋಫೋನು ಬಂದಿತು. ೧೯೦೨ರ ನವೆಂಬರದಲ್ಲಿ ಗ್ರಾಮೋಫೋನ್ ಕಂಪನಿಯ ಗೈಸ್‌ಬರ್ಗನು ಕಲಕತ್ತೆಯಲ್ಲಿ ಗೌಹರ್ ಜಾನಳ ಹಾಡನ್ನು ಮುದ್ರಿಸಿಕೊಂಡನು. ಮೊದಮೊದಲು ತಟ್ಟೆಗಳು ಜರ್ಮನಿಯಲ್ಲಿ ತಯಾರಾಗಿ ಬರುತ್ತಿದ್ದವು. ೧೯೦೮ರಲ್ಲಿ ಕಲಕತ್ತೆಯ ಸಿಯಾಲದಹದಲ್ಲಿ ಕಾರಖಾನೆಯು ಸ್ಥಾಪಿತವಾದ ಮೇಲೆ ಈ ದೇಶದಲ್ಲಿಯೇ ಸಿದ್ಧವಾಗತೊಡಗಿದವು. ಆ ತಟ್ಟೆಗೆ ಬೇಕಾದ ಮುಖ್ಯ ದ್ರವ್ಯವು ಅರಗು. ಅದು ಹಿಂದುಸ್ತಾನದ ಕಾಡುಗಳಿಂದಲೇ ಹಡಗನ್ನೇರಿ ಪರದೇಶಕ್ಕೆ ಹೋಗುತ್ತಿದ್ದ ವಸ್ತುವೆಂಬುದು ಗಮನಿಸತಕ್ಕ ವಿಷಯ. ತಟ್ಟೆಯು ನಿಮಿಷಕ್ಕೆ ೭೮ ಸುತ್ತು ತಿರುಗುವುದು. ಒಂದು ಮಗ್ಗುಲಿಗೆ ಸುಮಾರು ೩ ನಿಮಿಷದ ಹಾಡು. ಕೀಲಿ ಕೊಡುವುದಕ್ಕೊಂದು ಹಿಡಿಕೆ, ಆಗಾಗ ಬದಲಿಸಬೇಕಾದ ಉಕ್ಕಿನ ಮುಳ್ಳು, ಹೂವಿನಾಕಾರದ ಕಹಳೆ, ಇಷ್ಟೇ ಅದರ ಸಂಭಾರ. ವಿದ್ಯುತ್ತಿನ ಹಂಗಿಲ್ಲದ ಕಾರಣ ದೀಪವಿಲ್ಲದ ಹಳ್ಳಿಗೂ ಅದು ಹೋಗಬಲ್ಲದಾಗಿದ್ದಿತು.

ಆದರೆ ಗಾಯಕರೆಲ್ಲರೂ ಅದನ್ನು ಆದರಿಸಲಿಲ್ಲ. ರಾತ್ರಿಯಿಡೀ ವಿಸ್ತರಿಸಬೇಕಾದ ರಾಗವನ್ನು ೩ ನಿಮಿಷಕ್ಕೆ ಕುಗ್ಗಿಸುವುದು ಕಡಲನ್ನು ಕಮಂಡಲುವಿನಲ್ಲಿ ತುಂಬುವಂಥ ಕೆಲಸವೆಂದು ಕೆಲವರು ಬಗೆದರು. ಇನ್ನು ಕೆಲವರ ಅಂಜಿಕೆಯು ಬೇರೆ. ಘರಾಣೆಯ ಚೀಜುಗಳು ತಂದೆಯಿಂದ ಮಗನಿಗೆ, ಗುರುವಿನಿಂದ ನಂಬಿಕೆಯ ಶಿಷ್ಯನಿಗೆ ಮಾತ್ರ ದಾಟತಕ್ಕ ಆಸ್ತಿ. ಅವು ತಟ್ಟೆಯ ಮೇಲೆ ಕುಳಿತು ಅಂಗಡಿಯಲ್ಲಿ ಮಾರಾಟವಾದರೆ ಗುಟ್ಟು ಎಲ್ಲಿ ಉಳಿಯಿತು? ಹೀಗೆ ಹಿಂಜರಿದವರ ಸ್ಥಾನದಲ್ಲಿ ಹಾಡುವ ಸ್ತ್ರೀಯರು ಧೈರ್ಯದಿಂದ ಮುಂದೆ ಬಂದರು. ಸಭ್ಯರ ಸಭೆಯು ಯಾರನ್ನು ಹೊರಗಿಟ್ಟಿದ್ದಿತೋ ಅವರ ಧ್ವನಿಯನ್ನೇ ಆ ಸಭ್ಯರು ಹಣ ಕೊಟ್ಟು ಮನೆಗೆ ತಂದು ಕೇಳುವಂತಾಯಿತು. ಯಂತ್ರವು ಮಾಡಿದ ಮೊದಲನೆಯ ಕ್ರಾಂತಿಯು ಇದು.

ಈ ಪ್ರಾಂತದಲ್ಲಿ ಆ ಕ್ರಾಂತಿಯ ಫಲವು ಎರಡು ಹೆಸರುಗಳಲ್ಲಿ ಸ್ಪಷ್ಟವಾಗಿ ಕಾಣುವುದು. ಗಂಗೂಬಾಯಿ ಹಾನಗಲ್ಲರು (೧೯೧೩–೨೦೦೯) ಧಾರವಾಡದಲ್ಲಿ ಬೆಳೆಯುತ್ತಿದ್ದಾಗ ಬೀದಿಯಲ್ಲಿ ಗ್ರಾಮೋಫೋನಿನ ಸದ್ದಾದರೆ ಮನೆಯಿಂದ ಹೊರಗೆ ಓಡಿಬಂದು ಕೇಳುತ್ತಿದ್ದರು. ಹಾಡುವವರ ಕುಲದಲ್ಲಿ ಹುಟ್ಟಿದವರೆಂದು ನೆರೆಹೊರೆಯವರಿಂದ ಅವಮಾನವನ್ನು ಉಂಡ ಆ ಬಾಲಿಕೆಗೆ ಬೀದಿಯ ನಾದಕ್ಕೆ ಯಾವ ಬಾಗಿಲೂ ಅಡ್ಡವಿರಲಿಲ್ಲ. ಮುಂದೆ ೧೯೩೦ರ ದಶಕದಲ್ಲಿ, ನಾಯಿಯ ಚಿತ್ರದ ಮುದ್ರೆಯುಳ್ಳ ಎಚ್.ಎಂ.ವಿ. ಕಂಪನಿಯು ಗಾಂಧಾರಿಯೆಂಬ ಹೆಸರಿನಿಂದ ಅವರದೇ ರಿಕಾರ್ಡುಗಳನ್ನು ಹೊರಡಿಸಿತು. ಬೀದಿಯಲ್ಲಿ ನಿಂತು ಕೇಳಿದವರ ಧ್ವನಿಯು ಬೀದಿಬೀದಿಯಲ್ಲಿ ಕೇಳುವಂತಾಯಿತು.

ಎರಡನೆಯವರು ಗದುಗಿನ ಭೀಮಸೇನ ಜೋಶಿಯವರು (೧೯೨೨–೨೦೧೧). ಶಾಲಾಶಿಕ್ಷಕರಾದ ಗುರುರಾಜ ಜೋಶಿಯವರ ಈ ಹಿರಿಯ ಮಗನು ಭಜನೆಯ ಮೇಳವಾಗಲಿ ವಾದ್ಯದ ಮೆರವಣಿಗೆಯಾಗಲಿ ಹಾದುಹೋದರೆ ಅದರ ಹಿಂದೆಯೇ ನಡೆದುಹೋಗಿ, ದಣಿದಲ್ಲಿ ಮಲಗಿಬಿಡುತ್ತಿದ್ದನು. ಹುಡುಕಿ ಬೇಸತ್ತ ತಂದೆಯು ಅವನ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗನೆಂದು ಬರೆದಿದ್ದರೆಂಬ ಸಂಗತಿಯು ಪ್ರಸಿದ್ಧವಾಗಿದೆ. ಶಾಲೆಯಿಂದ ಬರುವ ದಾರಿಯಲ್ಲಿ ಅಂಗಡಿಯೊಂದರ ಮುಂದೆ ನಿಂತು ರಿಕಾರ್ಡುಗಳನ್ನು ಕೇಳುವುದು ಅವನ ನಿತ್ಯವ್ರತವಾಯಿತು. ಅಬ್ದುಲ್ ಕರೀಂ ಖಾನರ ರಿಕಾರ್ಡು ಅವನ ಮನಸ್ಸನ್ನು ಹಿಡಿದಿಟ್ಟಿತು. ಹಾಗೆ ಹಾಡಬೇಕೆಂಬ ಒಂದೇ ಹಂಬಲದಿಂದ ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅವನು ಮನೆಯನ್ನು ಬಿಟ್ಟು ಹೊರಟನು. ಗ್ವಾಲಿಯರ, ಜಾಲಂಧರ ಮೊದಲಾದ ಕಡೆಗಳಲ್ಲಿ ಗುರುವನ್ನು ಅರಸಿದನು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಲಾಗದು. ರಿಕಾರ್ಡು ಹಂಬಲವನ್ನು ಹುಟ್ಟಿಸಿತೇ ಹೊರತು ವಿದ್ಯೆಯನ್ನು ಕೊಡಲಿಲ್ಲ. ಉತ್ತರ ದೇಶವನ್ನೆಲ್ಲ ಸುತ್ತಿದ ಹುಡುಗನಿಗೆ ಗುರುವು ದೊರೆತದ್ದು ಕೊನೆಗೆ ತನ್ನ ಸೀಮೆಯಲ್ಲಿಯೇ. ಖಾನ್ ಸಾಹೇಬರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ ೧೯೩೬ರಿಂದ ಕೆಲವು ವರ್ಷ ನೀರು ಹೊತ್ತು ಸೇವೆ ಮಾಡಿ ಆತನು ಕಲಿತನು. ಗಂಗೂಬಾಯಿಯವರೂ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಅದೇ ಗುರುಗಳಲ್ಲಿ ಕಲಿತರು. ಅಂಧರಾದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಕುರುಡರನ್ನೂ ಬಡ ಬಾಲಕರನ್ನೂ ಸಂಗಡ ಕಟ್ಟಿಕೊಂಡು ಊರೂರು ಸಂಚರಿಸುತ್ತ ಕಲಿಸಿ, ಗದುಗಿನಲ್ಲಿ ನೆಲೆಗೊಳಿಸಿದ ವೀರೇಶ್ವರ ಪುಣ್ಯಾಶ್ರಮವೂ, ಅದನ್ನು ಬೆಳಸಿದ ಪುಟ್ಟರಾಜ ಗವಾಯಿಗಳ (೧೯೧೪–೨೦೧೦) ದೀರ್ಘ ತಪಸ್ಸೂ ಈ ಮಾತಿಗೇ ಸಾಕ್ಷಿ. ಬೀಜವನ್ನು ಗಾಳಿಯು ಎಲ್ಲಿಗಾದರೂ ಹಾರಿಸಿಕೊಂಡು ಹೋದೀತು. ಮೊಳೆಯುವುದಕ್ಕೆ ಹದವಾದ ನೆಲವೇ ಬೇಕು. ಯಂತ್ರವು ಗಾಳಿ, ಗುರುಕುಲವೂ ಕೂಡಿ ಕೇಳುವ ಜನವೂ ನೆಲ.

ಇನ್ನು ಎರಡನೆಯ ಚರಿತ್ರೆ. ಜಮೈಕಾ ದ್ವೀಪದ ಜನರಲ್ಲಿ ಬಹುಪಾಲು ಆಫ್ರಿಕದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರ ಸಂತತಿ. ಎರಡನೆಯ ಮಹಾಯುದ್ಧವು ಮುಗಿದ ತರುವಾಯ ಅಲ್ಲಿಯ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ವಾದ್ಯಮೇಳವನ್ನು ಹಣ ಕೊಟ್ಟು ಕರೆಸಿ ಕುಣಿಯುವ ಶಕ್ತಿಯು ಬಡವರಿಗಿರಲಿಲ್ಲ. ಆಗ ಕೆಲವು ಸಾಹಸಿಗಳು ಅಮೇರಿಕೆಯ ರಿಕಾರ್ಡುಗಳನ್ನು ತರಿಸಿ, ಬಟ್ಟೆಯ ಕಪಾಟಿನಷ್ಟು ದೊಡ್ಡದಾದ ಧ್ವನಿವರ್ಧಕದ ಪೆಟ್ಟಿಗೆಗಳನ್ನು ಬಡಗಿಗಳಿಂದ ಮಾಡಿಸಿ, ಬಯಲಿನಲ್ಲಿ ಸಭೆಯನ್ನು ಕೂಡಿಸಿದರು. ಇಂಥ ಪೆಟ್ಟಿಗೆಗಳ ಸಮೂಹಕ್ಕೆ ಸೌಂಡ್ ಸಿಸ್ಟಮ್ ಎಂದು ಹೆಸರಾಯಿತು. ಅದು ಬರೇ ಯಂತ್ರದ ಹೆಸರಲ್ಲ. ಯಂತ್ರವನ್ನು ಹೊರುವವರು, ತಂತಿ ಜೋಡಿಸುವವರು, ರಿಕಾರ್ಡನ್ನು ಆರಿಸುವವನು, ಮಾತಾಡಿ ಜನರನ್ನು ಹುರಿದುಂಬಿಸುವವನು, ಇವರೆಲ್ಲರೂ ಸೇರಿದ ಮೇಳದ ಹೆಸರು. ಬಡವರ ಕೇರಿಯ ಈ ಮೇಳಗಳ ಒಡೆಯರು ತಮಗೆ ತಾವೇ ಡ್ಯೂಕ್, ಕೌಂಟ್, ಕಿಂಗ್ ಎಂದು ಅರಸೊತ್ತಿಗೆಯ ಬಿರುದುಗಳನ್ನು ಇಟ್ಟುಕೊಂಡರು. ಆಳಿದವರ ಬಿರುದುಗಳನ್ನು ಆಳಿಸಿಕೊಂಡವರು ಹೀಗೆ ಧರಿಸಿದ್ದರಲ್ಲಿ ವಿನೋದವೂ ಉಂಟು, ಸ್ವಾಭಿಮಾನವೂ ಉಂಟು.

೧೯೪೮ರ ಜೂನ್ ೨೨ರಂದು ವಿಂಡ್‌ರಶ್ ಎಂಬ ಹಡಗಿನಿಂದ ಟಿಲ್ಬರಿ ಬಂದರದಲ್ಲಿ ನೂರಾರು ವೆಸ್ಟ್ ಇಂಡೀಸಿನವರು ಇಳಿದರು. ಯುದ್ಧದಿಂದ ಜರ್ಜರಿತವಾದ ಇಂಗ್ಲೆಂಡಿಗೆ ದುಡಿಯುವ ಕೈಗಳು ಬೇಕಾಗಿದ್ದವು. ಆ ಕೈಗಳ ಬಣ್ಣವು ಮಾತ್ರ ಬೇಡವಾಗಿದ್ದಿತು. ಬಾಡಿಗೆಯ ಕೋಣೆಗಳು ಅವರಿಗೆ ದೊರೆಯಲಿಲ್ಲ. ಹಲವು ಪಾನಗೃಹಗಳೂ ನೃತ್ಯಶಾಲೆಗಳೂ ಅವರನ್ನು ಬಾಗಿಲಲ್ಲಿಯೇ ತಡೆದವು. ವರ್ಣಭೇದವನ್ನು ನಿಷೇಧಿಸುವ ಮೊದಲನೆಯ ಕಾಯಿದೆಯು ಅಲ್ಲಿ ಹುಟ್ಟಿದ್ದು ೧೯೬೫ರಲ್ಲಿ. ಅಲ್ಲಿಯವರೆಗೆ ಆ ಜನರು ಏನು ಮಾಡಬೇಕಾಗಿದ್ದಿತು? ಅವರು ನೆಲಮಾಳಿಗೆಯಲ್ಲಿ ತಮ್ಮದೇ ಸಭೆಯನ್ನು ಕಟ್ಟಿಕೊಂಡರು. ಹಡಗಿನಲ್ಲಿ ಗುಟ್ಟಾಗಿ ಅಡಗಿ ಬಂದಿದ್ದ ವಿನ್ಸೆಂಟ್ ಫೋರ್ಬ್ಸ್ ಎಂಬ ಜಮೈಕಾದವನು ಡ್ಯೂಕ್ ವಿನ್ ಎಂಬ ಬಿರುದಿನಿಂದ ೧೯೫೫ರಲ್ಲಿ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್ ಭಾಗದಲ್ಲಿ ಇಂಗ್ಲೆಂಡಿನ ಮೊದಲನೆಯ ಸೌಂಡ್ ಸಿಸ್ಟಮನ್ನು ಸ್ಥಾಪಿಸಿದನು. ಶನಿವಾರದ ರಾತ್ರಿ ಅಲ್ಪ ಹಣವನ್ನು ಕೊಟ್ಟು ಒಳಗೆ ಬಂದವರಿಗೆ ತಾಯ್ನಾಡಿನ ಅಡಿಗೆ, ತಾಯ್ನಾಡಿನ ಮಾತು, ತಾಯ್ನಾಡಿನ ಹಾಡು ದೊರೆಯುತ್ತಿದ್ದವು. ಇಂಥ ಕೂಟಗಳನ್ನು ಬ್ಲೂಸ್ ಎಂದು ಕರೆದರು. ೧೯೫೮ರಲ್ಲಿ ನಾಟಿಂಗ್ ಹಿಲ್ಲಿನಲ್ಲಿ ಬಿಳಿಯ ಪುಂಡರು ಕರಿಯರ ಮನೆಗಳ ಮೇಲೆ ಬಿದ್ದ ದಿನಗಳಲ್ಲಿಯೂ ಆ ನೆಲಮಾಳಿಗೆಗಳು ಅವರಿಗೆ ಆಸರೆಯಾಗಿ ಉಳಿದವು.

ಡ್ಯೂಕ್ ವಿನ್ನನಿಗೆ ಪ್ರತಿಸ್ಪರ್ಧಿಯಾಗಿ ಕೌಂಟ್ ಸಕಲ್ ಎಂಬವನು ನಿಂತನು. ಎರಡು ಮೇಳಗಳು ಒಂದೇ ಅಂಗಳದಲ್ಲಿ ಎದುರುಬದರಾಗಿ ಪೆಟ್ಟಿಗೆಗಳನ್ನು ಇಟ್ಟು, ಸರತಿಯಂತೆ ಹಾಡಿಸಿ, ಜನರ ಕೂಗಿನಿಂದ ಸೋಲು ಗೆಲುವುಗಳನ್ನು ನಿರ್ಣಯಿಸುವ ಪದ್ಧತಿಯು ಬೆಳೆಯಿತು. ಉತ್ತರ ಕರ್ನಾಟಕದ ವಾಚಕರಿಗೆ ಇದು ಹೊಸತಾಗಿ ತೋರದು. ಹರದೇಶಿ-ನಾಗೇಶಿಗಳ ಮೇಳಗಳು ದಪ್ಪು ತುಂತುಣಿಗಳನ್ನು ಹಿಡಿದು, ಒಂದು ಸ್ತ್ರೀಪಕ್ಷವನ್ನೂ ಇನ್ನೊಂದು ಪುರುಷಪಕ್ಷವನ್ನೂ ವಹಿಸಿ, ಬೆಳಗಾಗುವವರೆಗೆ ಸವಾಲು ಜವಾಬುಗಳಿಂದ ಕಾದಾಡುವುದನ್ನು ಕೇಳಿದವರು ಲಂಡನ್ನಿನ ಆ ಸ್ಪರ್ಧೆಯ ಮರ್ಮವನ್ನು ಕೂಡಲೆ ಬಲ್ಲರು. ಅಲ್ಲಿ ಇನ್ನೊಂದು ಚಮತ್ಕಾರವಿದ್ದಿತು. ಅಪರೂಪದ ರಿಕಾರ್ಡು ಕೈಗೆ ಬಂದರೆ ಅದರ ಮೇಲಿನ ಹೆಸರಿನ ಚೀಟಿಯನ್ನು ಕೆರೆದು ಹಾಕುತ್ತಿದ್ದರು. ಎದುರಾಳಿಯು ಬಂದು ಓದಿಕೊಂಡು ಅದನ್ನೇ ತರಿಸಬಾರದೆಂದು. ಚೀಜನ್ನು ಬಚ್ಚಿಟ್ಟ ಉಸ್ತಾದನಿಗೂ ಚೀಟಿಯನ್ನು ಕೆರೆದ ಡ್ಯೂಕನಿಗೂ ಈ ವಿಷಯದಲ್ಲಿ ಭೇದವೇನೂ ಇಲ್ಲ.

ಜೀವಂತ ಕಂಠವು ಯಂತ್ರದೊಳಗಿಂದಲೇ ಮರಳಿ ಹುಟ್ಟಿದ ಬಗೆಯು ಮುಖ್ಯವಾದುದು. ೧೯೬೦ರ ದಶಕದ ಕೊನೆಯಲ್ಲಿ ಜಮೈಕಾದವರು ರೆಗೆ ಎಂಬ ಹೊಸ ಸಂಗೀತವನ್ನು ಕಟ್ಟಿದರು; ಅದರ ಹೃದಯವು ತಗ್ಗಿದ ಮಂದ್ರಸ್ವರದ ನಡೆ. ಅದೇ ಕಾಲದಲ್ಲಿ ರಿಕಾರ್ಡಿನ ಒಂದು ಮಗ್ಗುಲಿಗೆ ಹಾಡನ್ನೂ, ಇನ್ನೊಂದು ಮಗ್ಗುಲಿಗೆ ಗಾಯಕನ ಧ್ವನಿಯನ್ನು ತೆಗೆದು ಬರೇ ವಾದ್ಯವನ್ನೂ ಮುದ್ರಿಸುವ ಪದ್ಧತಿಯು ಹುಟ್ಟಿತು. ರೇಡಿಯೋ ದುರಸ್ತಿಯಲ್ಲಿ ನಿಪುಣನಾದ ಕಿಂಗ್ ಟಬ್ಬಿ ಮೊದಲಾದವರು ಈ ಬರಿದಾದ ಮಗ್ಗುಲನ್ನು ಒಂದು ಕಲೆಯನ್ನಾಗಿ ಮಾಡಿದರು. ಮೇಳದವನು ಮೈಕನ್ನು ಹಿಡಿದು ಆ ವಾದ್ಯದ ಮೇಲೆ ಆಶುವಾಗಿ ಪದಕಟ್ಟಿ ಹೇಳತೊಡಗಿದನು. ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಎರಡನೆಯ ತಲೆಮಾರಿನವರು ಇದನ್ನು ತಮ್ಮದನ್ನಾಗಿಸಿಕೊಂಡರು. ೧೯೭೬ರಲ್ಲಿ ಲೆವಿಶಮ್ ಭಾಗದಲ್ಲಿ ಹುಟ್ಟಿದ ಸ್ಯಾಕ್ಸನ್ ಎಂಬ ಮೇಳದ ಹುಡುಗರು ಅತಿವೇಗದ ಉಚ್ಚಾರಣೆಯಿಂದ ಪದ ಹೇಳುವ ಹೊಸ ಶೈಲಿಯನ್ನು ಹಾಕಿಕೊಟ್ಟರು. ಆ ಮೇಳದ ಸ್ಮೈಲಿ ಕಲ್ಚರನು ೧೯೮೪ರಲ್ಲಿ ಲಂಡನ್ನಿನ ಕೂಲಿಕಾರರ ಆಡುನುಡಿಯನ್ನೂ ಜಮೈಕಾದ ಆಡುನುಡಿಯನ್ನೂ ಒಂದಕ್ಕೊಂದು ಅರ್ಥ ಹೇಳಿಸಿ ಹಾಡಿದನು. ಎರಡು ನುಡಿಗಳ ನಡುವೆ ಬೆಳೆದ ಮಕ್ಕಳ ಬಾಳೇ ಅಲ್ಲಿ ಹಾಡಾಯಿತು. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್ ಕೇರಿಯ ಪಂಜಾಬಿ ಮನೆತನದ ತರುಣನೊಬ್ಬನು ಅಪಾಚೆ ಇಂಡಿಯನ್ ಎಂಬ ಹೆಸರಿನಿಂದ ೧೯೯೦ರ ದಶಕದಲ್ಲಿ ಇದೇ ಶೈಲಿಯಲ್ಲಿ ಪಂಜಾಬಿ ಮಾತುಗಳನ್ನು ಬೆರಸಿ ಹಾಡಿ, ಹಿಂದುಸ್ತಾನದಲ್ಲಿಯೂ ಹೆಸರಾದನು.

ಆದರೆ ಈ ಸಭೆಗಳು ನಿರಾತಂಕವಾಗಿ ನಡೆದವೆಂದು ತಿಳಿಯಬಾರದು. ೧೮೨೪ರ ಅಲೆಮಾರಿ ಕಾಯಿದೆಯ ಕಲಮೊಂದನ್ನು ಹಿಡಿದು, ಬರೇ ಸಂಶಯದ ಮೇಲೆ ಕರಿಯ ತರುಣರನ್ನು ಪೋಲೀಸರು ಬಂಧಿಸುತ್ತಿದ್ದರು. ನೆಲಮಾಳಿಗೆಯ ಕೂಟಗಳ ಮೇಲೆ ದಾಳಿಯಿಟ್ಟು ಪೆಟ್ಟಿಗೆಗಳನ್ನು ಒಡೆದದ್ದೂ ಉಂಟು. ನಾಟಿಂಗ್ ಹಿಲ್ಲಿನ ಬೀದಿಯ ಉತ್ಸವಕ್ಕೆ ೧೯೭೩ರಲ್ಲಿ ಸೌಂಡ್ ಸಿಸ್ಟಮುಗಳನ್ನು ಸೇರಿಸಿಕೊಂಡ ಮೇಲೆ ನೆಲಮಾಳಿಗೆಯ ನಾದವು ಹಗಲಿನ ಬೀದಿಗೆ ಬಂದಿತು. ೧೯೭೬ರ ಆಗಸ್ಟದಲ್ಲಿ ಅದೇ ಉತ್ಸವದಲ್ಲಿ ಪೋಲೀಸರಿಗೂ ತರುಣರಿಗೂ ದೊಡ್ಡ ಘರ್ಷಣೆಯು ನಡೆಯಿತು. ಎಲ್ಲಕ್ಕೂ ಮಿಗಿಲಾದ ದುಃಖವು ೧೯೮೧ರ ಜನೆವರಿ ೧೮ರಂದು ಒದಗಿತು. ಲಂಡನ್ನಿನ ನ್ಯೂ ಕ್ರಾಸ್ ಭಾಗದ ಮನೆಯೊಂದರಲ್ಲಿ ಹುಟ್ಟುಹಬ್ಬದ ಕೂಟವು ನಡೆದಿದ್ದಾಗ ಬೆಂಕಿ ಬಿದ್ದು ೧೩ ಮಂದಿ ಎಳೆಯರು ಮಡಿದರು. ಅಧಿಕಾರಸ್ಥರಿಂದ ಸಂತಾಪದ ಮಾತು ಸಕಾಲಕ್ಕೆ ಬರಲಿಲ್ಲವೆಂಬ ನೋವು ಆ ಜನರಲ್ಲಿ ಆಳವಾಗಿ ನೆಟ್ಟಿತು. ಮಾರ್ಚ್ ೨ರಂದು ಸಾವಿರಾರು ಜನರು ಕೆಲಸವನ್ನು ಬಿಟ್ಟು ನ್ಯೂ ಕ್ರಾಸಿನಿಂದ ಲಂಡನ್ನಿನ ನಡುಮಧ್ಯದವರೆಗೆ ಮೆರವಣಿಗೆಯಲ್ಲಿ ನಡೆದರು. ೧೯೮೧ರಲ್ಲಿಯೂ ೨೦೦೪ರಲ್ಲಿಯೂ ನಡೆದ ಎರಡು ವಿಚಾರಣೆಗಳು ಸಾವಿನ ಕಾರಣವನ್ನು ನಿರ್ಣಯಿಸದೆಯೇ ಮುಗಿದವು. ಹಾಡು ಕೇಳಲು ಕೂಡಿದ್ದ ಜನವೇ ನ್ಯಾಯ ಕೇಳಲು ಕೂಡುವ ಜನವಾದುದನ್ನು ಇಲ್ಲಿ ಕಾಣಬಹುದು. ಶನಿವಾರದ ರಾತ್ರಿಗಳಲ್ಲಿ ಒಂದೇ ನಾದಕ್ಕೆ ಹೆಜ್ಜೆಯಿಟ್ಟು ಕಲಿತವರು ಸೋಮವಾರದ ಹಗಲಿನಲ್ಲಿ ಒಟ್ಟಾಗಿ ಹೆಜ್ಜೆಯಿಟ್ಟರು.

ಈಗ ಆರಂಭದ ಶಂಕೆಗೆ ಉತ್ತರವನ್ನು ಹೇಳಬಹುದು. ಯಂತ್ರನಾದವು ಜೀವಂತ ಕಂಠವನ್ನು ಕೊಲ್ಲಲಿಲ್ಲ. ಗದುಗಿನಲ್ಲಿ ಅದು ಹುಡುಗನೊಬ್ಬನನ್ನು ಗುರುವಿನ ಬಾಗಿಲಿಗೆ ಅಟ್ಟಿತು. ಲಂಡನ್ನಿನಲ್ಲಿ ಬರಿದಾದ ಮಗ್ಗುಲಿನ ಮೇಲೆ ಹೊಸ ಕವಿಗಳನ್ನು ಹುಟ್ಟಿಸಿತು. ಎರಡೂ ಕಡೆಗೆ, ಸಭೆಯ ಬಾಗಿಲು ಯಾರಿಗೆ ಮುಚ್ಚಿದ್ದಿತೋ ಅವರಿಗೆ ಅದು ಇನ್ನೊಂದು ಸಭೆಯನ್ನು ಕಟ್ಟಿಕೊಟ್ಟಿತು. ಆದರೆ ಎರಡು ಕಡೆಗೂ ಒಂದು ನಿಬಂಧನೆಯು ಸಮಾನವಾಗಿದ್ದಿತು. ಕೇಳುವವರು ಒಟ್ಟಿಗೆ ಕುಳಿತು ಅಥವಾ ನಿಂತು ಕೇಳಿದರು. ಕೇಳಿದವರಲ್ಲಿ ಕೆಲವರು ತಾವೇ ಬಾಯಿ ತೆರೆದರು. ಈ ಎರಡು ಇಲ್ಲದಿದ್ದರೆ ಯಂತ್ರವು ಬರೇ ಸದ್ದಿನ ಪೆಟ್ಟಿಗೆ.

೧೯೫೦ರ ಜನೆವರಿ ೮ರಂದು ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದಾಗ ಹಾಡು ಮನೆಮನೆಯ ಒಳಗೆ ಬಂದಿತು. ಈಗ ಅದು ಒಬ್ಬೊಬ್ಬರ ಕಿವಿಯ ಒಳಗೇ ಹೊಕ್ಕಿದೆ. ಒಂದೇ ಕಟ್ಟೆಯ ಮೇಲೆ ಕುಳಿತ ನಾಲ್ವರು ನಾಲ್ಕು ಬೇರೆ ಹಾಡುಗಳನ್ನು ಕೇಳಬಲ್ಲರು. ಅವರನ್ನು ಸಭೆಯೆಂದು ಕರೆಯಲಾಗದು. ಇನ್ನೊಂದು ಕಡೆಗೆ ಗಣೇಶೋತ್ಸವದ ಮೆರವಣಿಗೆಗಳಲ್ಲಿ ಡಿ.ಜೆ. ಎಂಬ ಹೆಸರಿನಿಂದ ಪೆಟ್ಟಿಗೆಗಳ ಗೋಡೆಯೇ ವಾಹನವನ್ನೇರಿ ಬರುತ್ತಿದೆ. ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ೨೦೦೦ದ ಶಬ್ದಮಾಲಿನ್ಯ ನಿಯಮಗಳು ನಿರ್ಬಂಧಿಸಿರುವುದು ಮುದುಕರ, ಶಿಶುಗಳ, ರೋಗಿಗಳ ಹಿತಕ್ಕಾಗಿ ಯುಕ್ತವೇ ಸರಿ. ಆದರೆ ಆ ತರುಣರನ್ನು ಗದರಿಸಿ ಸುಮ್ಮನಾಗುವುದು ಹಿರಿಯರಿಗೆ ತಕ್ಕುದಲ್ಲ. ಕೂಡಿ ಕೇಳಬೇಕೆಂಬ ಹಸಿವು ಅವರಲ್ಲಿ ಇನ್ನೂ ಉಳಿದಿದೆಯೆಂಬುದಕ್ಕೆ ಆ ಗದ್ದಲವೇ ಗುರುತು. ಅವರ ಪೆಟ್ಟಿಗೆಯ ಮುಂದೆ ಹಾಡಬಲ್ಲ ಕಂಠವೊಂದನ್ನು ನಿಲ್ಲಿಸುವುದು, ಆ ಕಂಠಕ್ಕೆ ಕಲಿಸುವ ಗುರುವನ್ನು ಊರು ಸಾಕುವುದು, ಇವೆರಡೂ ನಡೆದರೆ ಯಂತ್ರವು ಹಿಂದಿನಂತೆಯೇ ಸೇವಕನಾಗಿ ದುಡಿದೀತು. ಪುಣ್ಯಾಶ್ರಮದಂಥ ಶಾಲೆಯನ್ನು ಕಟ್ಟಿದ ಸೀಮೆಗೆ ಇದು ಅಸಾಧ್ಯವಾದ ಕೆಲಸವಲ್ಲ.